ಇದ್ದಿಲು ಬಸ್ಸಿನ ಕಾದಂಬರಿ

“ಮುದುಕಿ ಇನ್ನೇನೂ ಕೇಳ್ನಿಲ್ಲ ಕಣ್ಲಾ. ಹುಡುಗ ಕಾದಂಬರಿ ಓದ್ತಾನಾ ಅಂತ ಒಂದೇ ಮಾತು ಕೇಳುದ್ಲು,” ಅಂದ ಬಾಬು ಜಾನ್.

ಹಲಗೂರಿನಲ್ಲಿ ಬಸ್ಸು ನಿಲ್ಲುವ ಮರದ ಕೆಳಗೆ ನಯಾಜ್ ಪಾಷಾ ಬಸ್ಸಿನ ಬೆನ್ನಿಗಿದ್ದ ಗಾಳಿಚಕ್ರ ತಿರುಗಿಸುತ್ತಿದ್ದ. ಸೋದರಮಾವನ ಮಾತಿಗೆ ಅವನ ಕೈ ನಿಂತಿತು.

“ನೀನೇನಂದೆ ಮಾಮು?”

“ಓದ್ತಾನೆ, ಊಟ ಬುಟ್ಟು ಓದ್ತಾನೆ ಅಂದೆ.”

“ಬಸ್ಸಿನ ಬೋರ್ಡು ಬುಟ್ರೆ ನಾನೇನ್ ಓದಿದೀನಿ?”

“ಅದ ಅಲ್ಲಿ ಯೋಳಕಾಯ್ತದಾ? ಒಂದ್ ತಿಂಗಳು ಟೈಮ್ ಕೊಟ್ಟವ್ಳೆ. ಶುಕ್ರವಾರ ನಮಾಜ್ ಮುಗುಸ್ಕೊಂಡು ಮನೆಗ್ ಬರ್ಲಿ, ಒಂದು ಕಾದಂಬರಿ ತಂದು ಓದಿ ಕೇಳುಸ್ಲಿ ಅಂದವ್ಳೆ. ತಿಂಗಳಲ್ಲಿ ಒಂದ್ ಪುಸ್ತಕ ಓದಕ್ಕೆ ನಿಂಗೇನ್ ರೋಗ?”

“ಲೇ ನಯಾಜು, ಚಕ್ರ ನಿಲ್ಲುಸ್ಬ್ಯಾಡ ಕಣ್ಲಾ,” ಎಂದು ಡ್ರೈವರ್ ಮರಿಯಯ್ಯ ತನ್ನ ಸೀಟಿನಿಂದಲೇ ಹೇಳಿದ. “ಮದ್ವೆ ಆಮ್ಯಾಕೆ, ಬೆಂಕಿ ಮೊದ್ಲು.”

ಯುದ್ಧ ಬಂದು ಪೆಟ್ರೋಲು ಸಿಗದಂತಾದ ಮೇಲೆ, ಹಲಗೂರಿನಿಂದ ಮಳವಳ್ಳಿಯ ಮೇಲೆ ಹಾದು ಮದ್ದೂರಿಗೆ ಹೋಗುವ ಆ ಬಸ್ಸು ಇದ್ದಿಲಿನಿಂದ ಓಡುತ್ತಿತ್ತು. ಬೆನ್ನಿಗೆ ಆಳೆತ್ತರದ ಡ್ರಮ್ಮು, ಅದರ ತುಂಬ ಇದ್ದಿಲು. ಕೆಳಗಿನ ಬಾಯಿಗೆ ಕಾಗದ, ಪುರಳೆ ಕಡ್ಡಿ ಇಟ್ಟು ಬೆಂಕಿ ಹಚ್ಚಿ, ಚಕ್ರ ತಿರುಗಿಸಿ ಗಾಳಿ ಊದಿದರೆ ಅರ್ಧ ಗಂಟೆಗೆ ಎಂಜಿನ್ನಿಗೆ ಬೇಕಾದ ಗ್ಯಾಸು ಹುಟ್ಟುತ್ತಿತ್ತು. ಏರು ಸಿಕ್ಕಿದ ಕಡೆ ಬಸ್ಸು ಉಬ್ಬಸ ಹಿಡಿದು ನಿಂತುಬಿಡುವುದೂ ಇತ್ತು. ಆಗ ಜನ ಇಳಿಯಬೇಕು, ಮತ್ತೆ ಬೆಂಕಿ, ಮತ್ತೆ ಚಕ್ರ. ಈ ಬೆಂಕಿಯ ಉಸ್ತುವಾರಿಯೆಲ್ಲ ಇಪ್ಪತ್ತೆರಡು ವರ್ಷದ ನಯಾಜನದು. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವನು ಅವನು.

ಸಂಬಂಧ ಬಂದಿದ್ದು ಮದ್ದೂರಿನ ಶಮೀಮ್ ಬಾನುವಿನದು. ನಯಾಜ್ ಅವಳನ್ನು ನೋಡಿರಲಿಲ್ಲ, ಕೇಳಿದ್ದ. ಹಿಂದಿನ ವರ್ಷ ಯಾರದೋ ಗಂಟು ಹೊತ್ತುಕೊಂಡು ಆ ಬೀದಿಯಲ್ಲಿ ಹೋಗುವಾಗ ಒಂದು ಕಿಟಕಿಯೊಳಗೆ ಅತ್ತೆ ಸೊಸೆ ಜಗಳ ಆಡುತ್ತಿದ್ದರು. ಅತ್ತೆಯ ಮಾತು ಎಷ್ಟು ಖಾರವಾಗಿತ್ತೆಂದರೆ, ಬಿಡಿಸೋಣವೇ ಎಂದು ಇವನು ಗಂಟು ಇಳಿಸಿದ. ಅಷ್ಟರಲ್ಲಿ ಒಬ್ಬಳು ಮುದುಕಿ ಕಿಲಕಿಲ ನಕ್ಕಿದ್ದು ಕೇಳಿಸಿತು. ಅತ್ತೆಯೂ ಸೊಸೆಯೂ ಒಬ್ಬಳೇ ಹುಡುಗಿ, ಅಜ್ಜಿಗೆ ಕಾದಂಬರಿ ಓದಿ ಹೇಳುತ್ತಿದ್ದಾಳೆ ಎಂದು ಅವನಿಗೆ ಆಮೇಲೆ ಗೊತ್ತಾಯಿತು. ಅಂದಿನಿಂದ ಗಂಟು ಇಲ್ಲದಿದ್ದರೂ ಅವನು ಆ ಬೀದಿಯಲ್ಲೇ ಹೋಗುತ್ತಿದ್ದ.

ಅಜ್ಜಿ ರಹೀಮುನ್ನೀಸಾಗೆ ಅಕ್ಷರ ಬಾರದು. ಮನೆಯಲ್ಲಿ ಉರ್ದು ಆಡಿದರೂ ಕಥೆ ಮಾತ್ರ ಅವಳಿಗೆ ಕನ್ನಡದಲ್ಲೇ ಆಗಬೇಕು. ಅವಳು ಬಾಬು ಜಾನ್‌ಗೆ ಹೇಳಿಕಳಿಸಿದ್ದು ಇಷ್ಟು: ಓದುವ ಹುಡುಗಿಯನ್ನು ಓದದವನಿಗೆ ಕೊಟ್ಟರೆ ಆರು ತಿಂಗಳಿಗೆ ಪುಸ್ತಕ ಅಟ್ಟ ಸೇರುತ್ತದೆ, ಒಂದು ವರ್ಷಕ್ಕೆ ಹುಡುಗಿಯ ಬಾಯಿ ಮುಚ್ಚುತ್ತದೆ, ಅಂಥ ಮನೆಗೆ ನಾನು ಕೊಡುವುದಿಲ್ಲ.

ಬಾಬು ಜಾನ್ ಸುಮ್ಮನೆ ಕೂರಲಿಲ್ಲ. ಮಾರನೆಯ ದಿನವೇ ಮಂಡ್ಯದಿಂದ ಒಂದು ಪುಸ್ತಕ ತಂದುಕೊಟ್ಟ. ಕಬ್ಬಿನ ಬೇಸಾಯದ ಪುಸ್ತಕ.

“ಇದ್ರಲ್ಲಿ ಕಥೆ ಎಲ್ಲದೆ ಮಾಮು?”

“ಬಿತ್ನೆಯಿಂದ ಗಾಣದ್ ಗಂಟ ಅದೆಯಲ್ಲ. ಇನ್ನೆಂಥ ಕಥೆ ಬೇಕು ನಿಂಗೆ?”

ಆಮೇಲೆ ದೊಡ್ಡಸಿದ್ದಯ್ಯನವರನ್ನು ಕೇಳಿದ್ದಾಯಿತು. ಜಲಪಾತದ ಬಳಿ ಬ್ಲಫ್ ಎಂಬಲ್ಲಿನ ಕರೆಂಟಿನ ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ವಾರಕ್ಕೊಮ್ಮೆ ಮಳವಳ್ಳಿಯಲ್ಲಿ ಈ ಬಸ್ಸು ಹತ್ತಿ ಮದ್ದೂರಿನ ಮನೆಗೆ ಹೋಗುವವರು, ಟ್ರಂಕಿನ ತುಂಬ ಪುಸ್ತಕ ಇಟ್ಟವರು. ಬಹಳ ಒಳ್ಳೆಯದು ಎಂದು ಅವರು ಎರಡು ಕಾದಂಬರಿ ಕೊಟ್ಟರು. ಒಂದರಲ್ಲಿ ಮೊದಲ ಹನ್ನೊಂದು ಪುಟ ಬರೀ ಬೆಟ್ಟ. ಹನ್ನೆರಡನೇ ಪುಟದಲ್ಲಿ ಯಾರಾದರೂ ಬರುತ್ತಾರೋ ಏನೋ, ಅಲ್ಲಿಯವರೆಗೆ ನಯಾಜ್ ಎಚ್ಚರ ಇರಲಿಲ್ಲ. ಇನ್ನೊಂದರಲ್ಲಿ ಜನ ಇದ್ದರು, ಆದರೆ ಎಲ್ಲರೂ ಒಳ್ಳೆಯವರು, ಒಬ್ಬರಿಗೊಬ್ಬರು ಬುದ್ಧಿ ಹೇಳುತ್ತಿದ್ದರು. ಅದನ್ನು ಎದೆಯ ಮೇಲೆ ಇಟ್ಟುಕೊಂಡೇ ಅವನು ನಿದ್ದೆ ಹೋದ.

“ನನ್ ತಲೇಲೇ ಏನೋ ಕಮ್ಮಿ ಅದೆ ಸ್ವಾಮಿ,” ಎಂದು ಎರಡನ್ನೂ ವಾಪಸು ಕೊಟ್ಟ.

“ಛೆ ಛೆ. ಊಟ ಸೇರದೆ ಇದ್ರೆ ಹೊಟ್ಟೆ ಇಲ್ಲ ಅಂತಾರೇನಯ್ಯ? ನಿನಗೆ ಬೇಕಾದ್ದು ಇನ್ನೂ ಸಿಕ್ಕಿಲ್ಲ ಅಷ್ಟೆ,” ಅಂದರು ದೊಡ್ಡಸಿದ್ದಯ್ಯ.

ಸಿಕ್ಕಿದ್ದು ಬೆಂಕಿ ಹಚ್ಚುವ ಕಾಗದದಲ್ಲಿ.

ಮಳವಳ್ಳಿಯ ಅಂಗಡಿಯಿಂದ ಬೆಂಕಿಗೆಂದು ತಂದ ರದ್ದಿಯ ಕಟ್ಟಿನಲ್ಲಿ ರಟ್ಟು ಕಿತ್ತುಹೋದ ಒಂದು ದಪ್ಪ ಪುಸ್ತಕವಿತ್ತು. ಅಭ್ಯಾಸದಂತೆ ಮೇಲಿನ ಹಾಳೆ ಹರಿದು ಡ್ರಮ್ಮಿನ ಬಾಯಿಗೆ ಇಡುವಾಗ ನಯಾಜನ ಕಣ್ಣು ಒಂದು ಸಾಲಿನ ಮೇಲೆ ಬಿತ್ತು. ಹೊನ್ನಿ ಎಂಬ ಹೆಂಗಸು ಹೊಳೆಯಲ್ಲಿ ಹರಿಗೋಲು ನಡೆಸುತ್ತಾಳೆ. ದಿನಾ ಸಂಜೆ ಆಚೆ ದಡದಿಂದ ಒಬ್ಬ ಗಂಡಸು ಅವಳ ಹೆಸರು ಹಿಡಿದು ಕೂಗುತ್ತಾನೆ. ಇವಳು ಹರಿಗೋಲು ತೆಗೆದುಕೊಂಡು ಹೋದರೆ ಅಲ್ಲಿ ಯಾರೂ ಇಲ್ಲ, ಮರಳಿನ ಮೇಲೆ ಒದ್ದೆ ಹೆಜ್ಜೆ ಮಾತ್ರ. ಅಲ್ಲಿಗೆ ಹಾಳೆ ಮುಗಿಯಿತು, ಸುಟ್ಟೂ ಹೋಯಿತು. ನಯಾಜ್ ಮುಂದಿನ ಹಾಳೆಗೆ ಕೈ ಹಾಕಿದ.

ಒಂದು ಕೈ ಚಕ್ರದ ಮೇಲೆ, ಒಂದು ಕೈಯಲ್ಲಿ ಪುಸ್ತಕ. ತುಟಿ ಅಲ್ಲಾಡುವುದನ್ನು ಕಂಡು ವೀಳ್ಯದೆಲೆ ಮಾರುವ ಪಟ್ಟಲಮ್ಮ ಬುಟ್ಟಿ ಇಳಿಸಿ ಹತ್ತಿರ ಬಂದಳು.

“ಏನ್ಲಾ ಅದು, ಮಂತ್ರವಾ?”

“ಕಥೆ ಕಣಮ್ಮ.”

“ಗಟ್ಟಿಯಾಗಿ ಓದು ಮತ್ತೆ. ಎಂಗಿದ್ರೂ ಈ ಮುದಿ ಬಸ್ಸು ಇನ್ನರ್ಧ ಗಂಟೆ ಏಳಾಕಿಲ್ಲ.”

ಅಂದಿನಿಂದ ಬಸ್ಸು ನಿಂತರೆ ಜನ ಗೊಣಗುವುದು ಕಡಿಮೆಯಾಯಿತು. ಕೂಗುವವನು ದೆವ್ವ ಎಂದು ಪಟ್ಟಲಮ್ಮ. ಊರು ಬಿಟ್ಟುಹೋದ ಗಂಡ ಎಂದು ಮರಿಯಯ್ಯ. ಬೇಗ ಗ್ಯಾಸು ಹುಟ್ಟಿದ ದಿನ ಮರಿಯಯ್ಯನೇ ಮುಖ ಸಪ್ಪೆ ಮಾಡಿಕೊಂಡು ಸ್ಟಾರ್ಟ್ ಮಾಡುತ್ತಿದ್ದ. ನಾವು ಇಲ್ಲದಾಗ ಮುಂದಕ್ಕೆ ಓದಕೂಡದು ಎಂದು ಪಟ್ಟಲಮ್ಮ ಬೆಂಕಿಯ ಮೇಲೆ ಆಣೆ ಹಾಕಿಸಿದಳು. ಓದಿ ಮುಗಿದ ಹಾಳೆಯನ್ನು ಹರಿದು ಬೆಂಕಿಗೆ ಕೊಡುವುದು ನಡೆದೇ ಇತ್ತು. ಕಾಗದ ತಂದಿದ್ದೇ ಅದಕ್ಕಲ್ಲವೇ? ಯಾರಿಗೂ ಅದು ತಪ್ಪೆಂದು ತೋರಲಿಲ್ಲ.

ತೋರಿದ್ದು ದೊಡ್ಡಸಿದ್ದಯ್ಯನವರಿಗೆ; ಹಿಂದಿನ ವಾರ ಸೀಟಿನಲ್ಲೇ ಕೂತು ಕಥೆ ಕೇಳಿದ್ದ ಅವರು ಹಾಳೆ ಹರಿಯುವುದನ್ನು ಕಂಡಿರಲಿಲ್ಲ. ಅಜ್ಜಿ ಹೇಳಿದ ಶುಕ್ರವಾರ ಬಂದೇಬಿಟ್ಟಿತು, ಮಳವಳ್ಳಿಯಲ್ಲಿ ಬಸ್ಸು ಹತ್ತಲು ಬಂದವರು ನಯಾಜನ ಕೈಯನ್ನೇ ನೋಡುತ್ತ ನಿಂತರು.

“ಇದೇನಯ್ಯ ಮಾಡ್ತಿದ್ದೀಯ?”

“ಓದಾಯ್ತಲ್ಲ ಸ್ವಾಮಿ.”

“ನಿನಗೆ ಆಯ್ತಪ್ಪ. ಇವತ್ತು ಆ ಅಜ್ಜಿಗೆ ಏನು ಓದ್ತೀಯ? ಅವಳಿಗೆ ಹೊನ್ನಿ ಯಾರು ಅಂತ ಗೊತ್ತೇ?”

ನಯಾಜ್ ಪುಸ್ತಕ ನೋಡಿದ. ನಾಲ್ಕು ಅಧ್ಯಾಯ ಉಳಿದಿದ್ದವು. ಅದಕ್ಕೆ ಮೊದಲಿನದೆಲ್ಲ ಇಷ್ಟು ದಿನ ಹಲಗೂರು, ಮಳವಳ್ಳಿ, ಮದ್ದೂರು ಎಂದು ಓಡಾಡಿ ಹೊಗೆಯಾಗಿತ್ತು. ಎರಡು ಅಧ್ಯಾಯವನ್ನು ಅವನು ಅಂದು ದಾರಿಯಲ್ಲಿ ಬಸ್ಸಿನವರಿಗೆ ಓದಿದ, ಆದರೆ ಹಾಳೆ ಹರಿಯಲಿಲ್ಲ. ಬೆಂಕಿಗೆ ಬರೀ ಪುರಳೆ ಇಟ್ಟ. ಬಸ್ಸು ಮದ್ದೂರು ಸೇರುವಾಗ ತಡವಾಗಿತ್ತು, ಯಾರೂ ಬೈಯಲಿಲ್ಲ.

ನಮಾಜು ಮುಗಿಸಿ ಹೋದಾಗ ರಹೀಮುನ್ನೀಸಾ ಮಂಚದ ಮೇಲೆ ಕೂತಿದ್ದಳು. ಒಳಬಾಗಿಲಿಗೆ ಪರದೆ ಇಳಿಬಿಟ್ಟಿತ್ತು.

“ಓದು ಮಗಾ,” ಅಂದಳು.

“ನಾನಿ, ಮೊದ್ಲು ಒಂದ್ ಮಾತು. ನಾನು ಓದೋನಲ್ಲ. ಮಾಮು ಸುಳ್ಳು ಯೋಳವ್ನೆ. ಜನ್ಮದಲ್ಲಿ ಓದಿದ್ದು ಇದೊಂದೇ, ಇದೂ ಪೂರ್ತಿ ಆಗಿಲ್ಲ. ಮೊದ್ಲಿನ್ ಭಾಗ ಎಲ್ಲಾನೂ ಸುಟ್ಟಾಕ್ಬುಟ್ಟೆ.”

“ಸುಟ್ಟಾಕ್ದೆಯಾ? ಯಾಕೆ?”

“ಬಸ್ಸು ಓಡಬೇಕಿತ್ತಲ್ಲ.”

ಪರದೆಯ ಹಿಂದೆ ಯಾರೋ ನಗು ತಡೆದುಕೊಂಡ ಸದ್ದಾಯಿತು. ಅಜ್ಜಿ ನಗಲಿಲ್ಲ.

“ಸುಟ್ಟ ಮೇಲೆ ನಾನೇನ ಕೇಳ್ಲಿ?”

“ಸುಟ್ಟದ್ದು ಕಾಗದ ಅಷ್ಟೆ ನಾನಿ. ಕಥೆ ಬಾಯಲ್ಲದೆ.”

ಅವನು ಹೇಳತೊಡಗಿದ. ಹೊನ್ನಿಯನ್ನು ಹೇಳಿದ, ಹೊಳೆಯನ್ನು ಹೇಳಿದ, ಆಚೆ ದಡದ ಕೂಗನ್ನು ಕೂಗಿಯೇ ತೋರಿಸಿದ. ಬಸ್ಸಿನಲ್ಲಿ ನಡೆದ ಹಾಗೆಯೇ ಹೇಳುತ್ತಿದ್ದುದರಿಂದ ಪಟ್ಟಲಮ್ಮ, ಮರಿಯಯ್ಯ ಅಂದದ್ದೆಲ್ಲವೂ ಕಥೆಯೊಳಗೇ ಸೇರಿಕೊಂಡಿತ್ತು.

“ಪಟ್ಟಲಮ್ಮ ದೆವ್ವ ಅಂತಾಳೆ.”

“ಅವ್ಳಿಗೇನ್ ತಲೆ ಕೆಟ್ಟದಾ? ದೆವ್ವಕ್ಕೆ ಒದ್ದೆ ಹೆಜ್ಜೆ ಎಲ್ಲಿಂದ ಬಂತು?”

“ಮರಿಯಯ್ಯ ಗಂಡ ಅಂತಾನೆ.”

“ಗಂಡ ಆಗಿದ್ರೆ ಕೂಗ್ತಾನಾ? ಸೀದಾ ಮನೆಗ್ ಬಂದು ಊಟ ಇಕ್ಕು ಅಂತಾನೆ. ಮುಂದಕ್ ಯೋಳು.”

ಹೇಳುವುದು ಮುಗಿದ ಮೇಲೆ ದಾರಿಯಲ್ಲಿ ಓದಿದ್ದ ಅದೇ ಎರಡು ಅಧ್ಯಾಯ ಓದಿದ. ಅಲ್ಲಲ್ಲಿ ತಡವರಿಸಿದ. ಒಂದು ಕಡೆ ಪರದೆಯ ಹಿಂದಿನ ಧ್ವನಿ ಮೆಲ್ಲಗೆ ಪದ ಎತ್ತಿಕೊಟ್ಟಿತು. ಹೊನ್ನಿ ಹರಿಗೋಲನ್ನು ಈ ದಡದಲ್ಲೇ ಬಿಟ್ಟು ಹೊಳೆಗೆ ಇಳಿಯುವಷ್ಟರಲ್ಲಿ ಬೀದಿಯಲ್ಲಿ ಮರಿಯಯ್ಯನ ಹಾರನ್ ಕೇಳಿಸಿತು.

“ಪುಸ್ತಕ ಇಲ್ಲೇ ಬುಟ್ಟೋಗು. ಉಳಿದದ್ದ ಶಮೀಮ್ ಓದ್ತಾಳೆ,” ಅಂದಳು ಅಜ್ಜಿ.

ನಯಾಜ್ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದುಕೊಂಡ. ಈ ಒಂದು ಮಾತಿಗೆ ಹೂಂ ಎಂದರೆ ಸಂಬಂಧ ಕುದುರಿತು ಎಂದು ಅವನಿಗೆ ಗೊತ್ತಿತ್ತು.

“ಕೊಡಕಾಗಲ್ಲ ನಾನಿ.”

“ಯಾಕಾಗಲ್ಲ?”

“ಅವ್ನ್ಯಾರು ಅಂತ ನಂಗೂ ಗೊತ್ತಿಲ್ಲ. ಅದ್ನ ತಿಳ್ಕಳ್ದೆ ನಾನೆಂಗೆ ನಿದ್ದೆ ಮಾಡ್ಲಿ?”

ಅಂದು ಕಿಟಕಿಯ ಹೊರಗೆ ನಿಂತು ಅವನು ಕೇಳಿದ್ದ ಅದೇ ಕಿಲಕಿಲ ನಗು ಅಜ್ಜಿಯ ಬಾಯಿಂದ ಬಂತು.

“ಓದೋನಲ್ಲ ಅಂದೆಯಲ್ಲ. ಆಯ್ತು, ತಗೊಂಡೋಗು. ಬರೋ ಶುಕ್ರವಾರ ಇಲ್ಲೇ ಮುಗುಸ್ಬೇಕು. ಅಲ್ಲೀಗಂಟ ಓದಕೂಡ್ದು.”

“ಬಸ್ಸಿನೋರು?”

“ಕಾಯ್ಲಿ. ನನ್ಗಿಂತ ವಯಸ್ಸಾಗದಾ ಅವ್ರಿಗೆ? ನಿನ್ ಮಾಮುಗೂ ಯೋಳು, ಆವತ್ತು ಒಳ್ಳೆ ಬಟ್ಟೆ ಹಾಕ್ಕೊಂಡು ಬರ್ಲಿ, ಮಾತಾಡೋದದೆ.” ಅವಳು ಪರದೆಯ ಕಡೆ ತಿರುಗಿದಳು. “ಶಮೀಮ್, ಪುಸ್ತಕದ ಬೆನ್ನು ಕಿತ್ತೋಗದೆ. ಇವ್ನು ಚಾ ಕುಡಿಯೋದ್ರೊಳ್ಗೆ ಒಂದೆರ್ಡು ಹೊಲಿಗೆ ಹಾಕ್ಕೊಡು.”

ಚಾ ಮುಗಿಯುವಷ್ಟರಲ್ಲಿ ಎರಡು ಸಲ ಹಾರನ್ ಆಯಿತು. ಪುಸ್ತಕ ಒಂದು ಬಟ್ಟೆಯಲ್ಲಿ ಸುತ್ತಿಕೊಂಡು ಪರದೆಯ ಕೆಳಗಿನಿಂದ ಹೊರಗೆ ಬಂತು.

ಮಳವಳ್ಳಿಗೆ ಇನ್ನೂ ಎರಡು ಮೈಲಿ ಇರುವಾಗ ಏರಿನಲ್ಲಿ ಬಸ್ಸು ನಿಂತಿತು. ಜನ ಇಳಿದು ಸುತ್ತ ನೆರೆದರು. ಶುಕ್ರವಾರದವರೆಗೆ ಓದಕೂಡದೆಂಬ ಅಜ್ಜಿಯ ಮಾತನ್ನು ನಯಾಜ್ ಹೇಳಿದ.

“ಎಲ್ಲಿ, ತೆಗಿ ಪುಸ್ತಕವ. ಅಜ್ಜಿಗೆ ಆಣೆ ಇಟ್ಟಿರೋನು ನೀನು, ನಾವಲ್ಲ,” ಅಂದಳು ಪಟ್ಟಲಮ್ಮ. “ಸುಮ್ನೆ ಕೊನೇ ಹಾಳೆ ಒಂದ ನೋಡು. ದೆವ್ವವಾ, ಅಲ್ವಾ, ಅಷ್ಟೇ ಸಾಕು.”

ನಯಾಜ್ ಬಟ್ಟೆ ಬಿಚ್ಚಿದ. ಬೆನ್ನಿಗೆ ಗಟ್ಟಿಯಾಗಿ ದಾರ ಹಾಕಿತ್ತು. ಕೊನೆಯ ಎರಡು ಅಧ್ಯಾಯದ ಹಾಳೆಗಳನ್ನೆಲ್ಲ ಒಟ್ಟುಮಾಡಿ, ತೆರೆಯುವ ಅಂಚಿನುದ್ದಕ್ಕೂ ಮೇಲಿಂದ ಕೆಳಗಿನವರೆಗೆ ಹಸಿರು ರೇಷ್ಮೆ ದಾರದಲ್ಲಿ ಸಣ್ಣ ಸಣ್ಣ ಹೊಲಿಗೆ ಹಾಕಿತ್ತು. ಒಂದು ಅಕ್ಷರ ಇಣುಕಲೂ ಸಂದಿ ಇರಲಿಲ್ಲ.

ಪಟ್ಟಲಮ್ಮ ಹೊಲಿಗೆಯ ಮೇಲೆ ಬೆರಳಾಡಿಸಿದಳು. “ಎಷ್ಟ್ ಒತ್ತಾಗಿ ಹಾಕವ್ಳಪ್ಪ,” ಅಂದಳು.

“ಕತ್ರಿ ಕೊಡ್ಲಾ?” ಅಂದ ಮರಿಯಯ್ಯ.

“ಬ್ಯಾಡ ಕಣಣ್ಣ. ಶುಕ್ರವಾರದ್ ಗಂಟ ಇರ್ಲಿ.”

ನಯಾಜ್ ಪುಸ್ತಕವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡ. ಸೀಟಿನ ಕೆಳಗಿಂದ ಕಬ್ಬಿನ ಬೇಸಾಯದ ಪುಸ್ತಕ ಎಳೆದು, ಮೊದಲ ಹಾಳೆ ಹರಿದು ಬೆಂಕಿ ಹಚ್ಚಿ, ಚಕ್ರ ತಿರುಗಿಸತೊಡಗಿದ.