ಹೊಟ್ಟೆಗೆ ಹಚ್ಚಿದ ಮೆರುಗು

ನನ್ನ ಅತ್ತೆ ಸಿಪ್ರಿಯಾನಾಳ ಎದುರು ಮಾತಾಡಿ ಗೆದ್ದವರು ನಮ್ಮೂರಲ್ಲಿ ಇಲ್ಲ. ಪಾದ್ರಿ ಕೂಡ ಅವಳು ಬರುವುದನ್ನು ಕಂಡರೆ ದಾರಿ ಬದಲಿಸುತ್ತಿದ್ದ. ಊರವರು ಅವಳನ್ನು ದೊನ್ಯಾ, ಅಂದರೆ ಅಮ್ಮಾವ್ರು, ಎಂದೇ ಕರೆಯುತ್ತಿದ್ದರು. ಊರಿಗೆಲ್ಲ ಕುಂಬಾರಿಕೆಯೇ ಕಸುಬು. ನಮ್ಮ ಮನೆಯಲ್ಲಿ ಅದರ ಜೊತೆಗೆ ಅತ್ತೆಯ ವೈದ್ಯವೂ ಇತ್ತು. ಮಕ್ಕಳಿಗೆ ಹೊಟ್ಟೆ ಕಟ್ಟಿದರೆ, ನುಲಿದರೆ, ತಿಂದದ್ದು ಕಕ್ಕಿದರೆ, ಎಲ್ಲಕ್ಕೂ ಒಂದೇ ಹೆಸರು: ಎಂಪಾಚೊ. ತಿಂದ ತುತ್ತು ಕರುಳಿಗೆ ಅಂಟಿ ಕೂತಿದೆ ಎಂದು ಅರ್ಥ. ಅದನ್ನು ಬಿಡಿಸುವವಳು ಅತ್ತೆ. ಮಗುವನ್ನು ಬೋರಲು ಮಲಗಿಸಿ, ಬೆನ್ನಿನ ಚರ್ಮ ಹಿಡಿದೆಳೆದು ಟಕ್ಕೆನ್ನಿಸಿ, ಆಮೇಲೆ ಎಣ್ಣೆಯಲ್ಲಿ ಕಲಸಿದ ಒಂದು ಚಿಟಿಕೆ ಗ್ರೇತಾ ನೆಕ್ಕಿಸುತ್ತಿದ್ದಳು.

ಗ್ರೇತಾ ಎಂದರೆ ನಾವು ಮಡಕೆಗೆ ಮೆರುಗು ಕೊಡುವ ಹಳದಿ ಪುಡಿ. ಮಡಕೆ ಸುಡುವ ಆವಿಗೆಯ ಪಕ್ಕದ ಚಪ್ಪರದಲ್ಲಿ ಡಬ್ಬಿ ತುಂಬ ಇರುತ್ತಿತ್ತು.

"ಮೆರುಗಿಲ್ಲದ ಮಡಕೇಲಿ ಕಾಳು ತಳ ಹಿಡಿಯುತ್ತೆ, ಮೆರುಗು ಹಾಕಿದ್ರೆ ಜಾರುತ್ತೆ. ಹೊಟ್ಟೆನೂ ಮಡಕೆನೇ ಅಲ್ವೇನೆ?" ಎನ್ನುತ್ತಿದ್ದಳು ಅತ್ತೆ. ಕೇಳಿದರೆ ನನಗೂ ಸರಿಯೆಂದೇ ತೋರುತ್ತಿತ್ತು. ನನ್ನ ಗಂಡನೂ ಅವನ ಒಡಹುಟ್ಟಿದವರೂ ಅದೇ ಪುಡಿ ನೆಕ್ಕಿ ಬೆಳೆದವರು.

ಆ ಸಲ ಹೊಟ್ಟೆ ಕಟ್ಟಿದ್ದು ನನ್ನ ಮಗಳು ತೀಲಾಗೆ. ಇನ್ನೂ ನಾಲ್ಕು ತುಂಬಿರಲಿಲ್ಲ. ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಮೊಣಕಾಲು ಎದೆಗೆ ಒತ್ತಿಕೊಂಡು ಅಳುತ್ತಿದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಳುತ್ತಿದ್ದಳು. ಗಂಡ ಮಡಕೆ ಮಾರಲು ದೂರದ ಸಂತೆಗೆ ಹೋಗಿದ್ದ. ಅತ್ತೆ ಪುಡಿ ಕೊಟ್ಟಳು. ತೀಲಾ ಕಕ್ಕಿದಳು. "ನೋಡು, ಬಿಡ್ತಾ ಇದೆ" ಎಂದಳು ಅತ್ತೆ. ಮರುದಿನ ಮತ್ತೆ ಕೊಟ್ಟಳು. ಮಗಳ ಮುಖ ಹಸಿ ಮಣ್ಣಿನ ಬಣ್ಣಕ್ಕೆ ತಿರುಗಿತು. ಅಂಗಳದಲ್ಲಿ ನಡೆಯುವಾಗ ಕುಡಿದವರಂತೆ ತೂರಾಡಿದಳು.

"ಅತ್ತೆ, ಕೆಳಗೆ ಆಸ್ಪತ್ರೆಗೆ ಹೋಗೋಣ" ಎಂದೆ.

"ಅಂಟಿದ್ದು ಹಳೇದು, ಲಿಯೋನೋರ್. ಅದಕ್ಕೇ ಹಟ ಮಾಡ್ತಿದೆ. ಇನ್ನೊಂದು ಚಿಟಿಕೆ ಹೋಗ್ಲಿ."

ನಾನು ಅವಳ ಕೈ ತಡೆಯಲಿಲ್ಲ. ಸೊಸೆಯರು ಅತ್ತೆಯ ಕೈ ತಡೆಯುವ ಮನೆ ನಮ್ಮದಲ್ಲ. ಮೂರನೆಯ ಚಿಟಿಕೆ ಹೋದ ಮಧ್ಯಾಹ್ನ ತೀಲಾ ನನ್ನನ್ನು ನೋಡಿ, "ನೀನ್ಯಾರು?" ಎಂದಳು. ಅವಳನ್ನು ಶಾಲಿನಲ್ಲಿ ಸುತ್ತಿಕೊಂಡು ಬಾಲ್ತಾಸಾರನ ಮನೆಗೆ ಓಡಿದೆ. ಸೌದೆ ಸಾಗಿಸುವ ಪಿಕಪ್ಪು ಇದ್ದದ್ದು ನಮ್ಮ ಬೀದಿಯಲ್ಲಿ ಅವನೊಬ್ಬನ ಹತ್ತಿರ. ತಿರುಗಿ ನೋಡಿದರೆ ಅತ್ತೆಯೂ ಹಿಂದೆಯೇ ಬರುತ್ತಿದ್ದಳು.

ಬಾಲ್ತಾಸಾರನಿಗೆ ಸಾವಿನ ಮನೆಯಲ್ಲೂ ತಮಾಷೆ ಮಾಡುವ ಚಾಳಿ. "ಏನು ದೊನ್ಯಾ ಸಿಪ್ರಿಯಾನಾ, ನಿಮ್ಮ ಕೈಗುಣಕ್ಕೂ ಡಾಕ್ಟರ ಸಹಿ ಬೇಕಾಯ್ತಾ?" ಎಂದ.

"ಮುಚ್ಕೊಂಡು ಓಡಿಸು. ಸೊಸೆಗೆ ಸಮಾಧಾನ ಆಗ್ಲಿ ಅಂತ ಹೋಗ್ತಿರೋದು" ಎಂದಳು ಅತ್ತೆ.

ದಾರಿಯಲ್ಲಿ ತೀಲಾಳ ಕಣ್ಣು ಮೇಲಕ್ಕೆ ಹೊರಳಿತು. ಕೈಕಾಲು ಸೆಟೆದು ಅದುರತೊಡಗಿದವು. ನಾನು ಕಿರುಚಿದೆ. ಬಾಲ್ತಾಸಾರ್ ಆಮೇಲೆ ತಮಾಷೆ ಮಾಡಲಿಲ್ಲ.

ಚಿಕ್ಕ ಆಸ್ಪತ್ರೆ ಅದು. ಒಬ್ಬಳೇ ಡಾಕ್ಟರು, ಓದು ಮುಗಿಸಿ ಆಗಷ್ಟೇ ಬಂದ ಹುಡುಗಿ. ಸೂಜಿ ಚುಚ್ಚಿ ನಡುಕ ನಿಲ್ಲಿಸಿದಳು. ಹೊಟ್ಟೆ ಒತ್ತಿ ನೋಡಿದಳು, ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಅವಳ ಮುಖದಲ್ಲೂ ಹೆದರಿಕೆ ಕಂಡಿತು.

"ಅಪೆಂಡಿಕ್ಸ್ ಒಡೆದು ನಂಜು ಏರಿರಬಹುದು. ನಗರದ ದೊಡ್ಡಾಸ್ಪತ್ರೆಗೆ ಹೋಗ್ಬೇಕು, ಇವತ್ತೇ ಹೊಟ್ಟೆ ಕೊಯ್ಯಬೇಕಾಗಬಹುದು. ಅಲ್ಲಿಗೆ ಏನಂತ ತಿಳಿಸಲಿ? ಮನೇಲಿ ಏನಾದ್ರೂ ಕೊಟ್ಟಿದ್ದೀರಾ?" ಎಂದು ಕೇಳಿದಳು.

"ಹೂವಿನ ಕಷಾಯ ಕೊಟ್ವಿ. ಬೇರೆ ಏನೂ ಇಲ್ಲ" ಎಂದಳು ಅತ್ತೆ, ನನಗಿಂತ ಮೊದಲು.

ಡಾಕ್ಟರು ನನ್ನ ಕಡೆ ನೋಡಿದಳು. ಅತ್ತೆ ನನ್ನ ತೋಳಿಗೆ ಉಗುರು ಊರಿ ಕಿವಿಯಲ್ಲಿ ಉಸುರಿದಳು: "ಕೆಳಗಿನೂರಿನೋಳು ಬಾಯಿ ಬಿಟ್ಟಿದ್ದಕ್ಕೆ ಏನಾಯ್ತು ನೆನಪಿದೆಯಾ?"

ನೆನಪಿತ್ತು. ಮನೆಮದ್ದು ಕೊಟ್ಟೆ ಎಂದು ಒಬ್ಬಳು ಹೇಳಿದ್ದಕ್ಕೆ ಸರ್ಕಾರದವರು ಬಂದು ಅವಳ ಮಗುವನ್ನೇ ಎತ್ತಿಕೊಂಡು ಹೋದರಂತೆ. ನಿಜವೋ ಸುಳ್ಳೋ, ನಮ್ಮ ಬೀದಿಯಲ್ಲಿ ಎಲ್ಲರೂ ಅದನ್ನು ನಂಬಿದ್ದೆವು. ಹೇಳಿದರೆ ಮಗಳು ಕೈತಪ್ಪಿ ಹೋಗುತ್ತಾಳೆ. ಹೇಳದಿದ್ದರೆ ಹೊಟ್ಟೆ ಕೊಯ್ಯುತ್ತಾರೆ. ಎರಡು ಕಡೆಯೂ ಬಾವಿ. ಮಂಚದ ಮೇಲೆ ತೀಲಾಳ ಬಾಯಿಯ ಒಂದು ಕೊನೆ ಮತ್ತೆ ಮೆಲ್ಲಗೆ ಎಳೆಯತೊಡಗಿತ್ತು.

"ಗ್ರೇತಾ ಕೊಟ್ವಿ" ಎಂದೆ. "ಮಡಕೆಗೆ ಹಚ್ಚೋ ಪುಡಿ. ಮೂರು ಸಲ. ನನ್ನನ್ನ ಜೈಲಿಗೆ ಹಾಕಿ, ಆದ್ರೆ ಅವಳನ್ನ ಕೊಯ್ಬೇಡಿ."

ಅತ್ತೆ ನನ್ನ ತೋಳು ಬಿಟ್ಟಳು. ಉಗುರಿನ ಗುರುತಿನಲ್ಲಿ ರಕ್ತ ಇಣುಕಿತ್ತು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕುರ್ಚಿ ಎಳೆದುಕೊಂಡು ಅತ್ತೆಯ ಎದುರು ಕೂತಳು. "ಅಮ್ಮಾ, ಅದು ಸೀಸ" ಎಂದಳು.

"ಸೀಸ ಅಂದ್ರೆ ಬಂದೂಕಿನ ಗುಂಡಿಗೆ ಹಾಕೋದು. ಇದು ಪುಡಿ."

"ಅದೇ ಇದು. ಮೊದಲ ಹೊಟ್ಟೆನೋವು ಬಂದಿದ್ದೂ ಇದರಿಂದಲೇ ಇರ್ಬೇಕು. ಪುಡಿ ಹಾರೋ ಜಾಗದಲ್ಲಿ ಮಗು ಆಡ್ತಾಳೆ, ಅದೇ ಮಡಕೇಲಿ ಉಣ್ತಾಳೆ. ನೀವು ಅದರ ಮೇಲೆ ಮತ್ತೆ ಅದನ್ನೇ ಕೊಟ್ರಿ. ಈಗ ತಲೆಗೆ ಏರಿದೆ. ನಗರದಲ್ಲಿ ಇದನ್ನ ಇಳಿಸೋ ಔಷಧ ಇದೆ, ಬೇಗ ಹೋಗ್ಬೇಕು."

ಅವಳು ನಗರಕ್ಕೆ ಫೋನು ಮಾಡಿ ವಿಷಯ ತಿಳಿಸಿದಳು. ಆಂಬುಲೆನ್ಸು ಬರಲು ತಡವಾಗುತ್ತದಂತೆ. ಬಾಲ್ತಾಸಾರ್ ಬಾಗಿಲಲ್ಲೇ ನಿಂತಿದ್ದ. "ನಾನೇ ಕರ್ಕೊಂಡು ಹೋಗ್ತೀನಿ, ಎತ್ಕೊಳ್ಳಿ" ಎಂದ. ನಾನು ಮಗಳನ್ನು ಎತ್ತಿಕೊಂಡೆ.

"ಒಂದು ನಿಮಿಷ" ಎಂದಳು ಡಾಕ್ಟರು. "ಅಮ್ಮಾ, ಈಚೆಗೆ ಬೇರೆ ಯಾರಿಗೆ ಕೊಟ್ಟಿದ್ದೀರಿ?"

ಅತ್ತೆ ಬಾಯಿ ತೆರೆದಳು. ಅವಳ ಕಣ್ಣು ಡಾಕ್ಟರನ್ನು ದಾಟಿ ಬಾಗಿಲಿಗೆ ಹೋಯಿತು, ಅಲ್ಲೇ ನಿಂತಿತು. ಬಾಲ್ತಾಸಾರನ ಗಂಡು ಕೂಸು ಇನ್ನೂ ಅಂಬೆಗಾಲಿಡದ್ದು. ವಾರದಿಂದ ಹೊಟ್ಟೆ ನುಲಿದು ಅಳುತ್ತಿತ್ತೆಂದು ನನಗೂ ಗೊತ್ತಿತ್ತು. ಆದರೆ ನನ್ನ ಸಂಕಟದಲ್ಲಿ ಅದು ತಲೆಗೇ ಬಂದಿರಲಿಲ್ಲ.

"ಸಾಯಂಕಾಲಕ್ಕೆ ಇನ್ನೊಂದು ಚಿಟಿಕೆ ಕೊಡು ಅಂತ ಹೊವಿತಾ ಕೈಗೆ ಕೊಟ್ಟು ಬಂದಿದ್ದೀನಿ" ಎಂದಳು ಅತ್ತೆ.

ಹೊವಿತಾ ಬಾಲ್ತಾಸಾರನ ಹೆಂಡತಿ. ಕಿಟಕಿಯ ಹೊರಗೆ ಸೂರ್ಯ ಗುಡ್ಡದ ನೆತ್ತಿ ಮುಟ್ಟುತ್ತಿದ್ದ. ಬಾಲ್ತಾಸಾರ್ ಪಿಕಪ್ಪಿನ ಕಡೆ ತಿರುಗಿದ. ಅವನ ಮನೆ ಗುಡ್ಡದ ಮೇಲೆ, ನಗರ ಕೆಳಗೆ, ಇದ್ದದ್ದು ಒಂದೇ ಗಾಡಿ. ನಾನು ಮಗಳನ್ನು ಎತ್ತಿಕೊಂಡೇ ಹಿಂದೆ ಓಡಿ ಒಂದು ಕೈಯಲ್ಲಿ ಅವನ ಅಂಗಿ ಹಿಡಿದುಕೊಂಡೆ. ಅವನು ಬಿಡಿಸಿಕೊಳ್ಳಲು ನೋಡಿದ, ನಾನು ಬಿಡಲಿಲ್ಲ. ಅವನ ಮಗು ಸಾಯುತ್ತದೆಂದು ಗೊತ್ತಿದ್ದೂ ಬಿಡಲಿಲ್ಲ.

ಅಷ್ಟರಲ್ಲಿ ಅತ್ತೆ ಒಳಗಿಂದ ಕೂಗಿದಳು. "ನಮ್ಮೂರ ಅಂಗಡಿಗೆ ಫೋನು ಹಚ್ಚು, ಡಾಕ್ಟರಮ್ಮಾ. ನಾನು ಮಾತಾಡ್ತೀನಿ."

ನಮ್ಮೂರಿಗೆಲ್ಲ ಒಂದೇ ಫೋನು, ಮೆಲಿತೋನನ ಅಂಗಡಿಯಲ್ಲಿ. ಯಾರಿಗಾದರೂ ಕರೆ ಬಂದರೆ ಕಂಬಕ್ಕೆ ಕಟ್ಟಿದ ಧ್ವನಿವರ್ಧಕದಲ್ಲಿ ಅವನು ಹೆಸರು ಕೂಗುತ್ತಾನೆ. ಊರೆಲ್ಲ ಕೇಳುತ್ತದೆ. ನಾವಿಬ್ಬರೂ ಒಳಗೆ ಬರುವಷ್ಟರಲ್ಲಿ ಅತ್ತೆ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಮೆಲಿತೋನ್, ಫೋನನ್ನ ಮೈಕಿಗೆ ಹಿಡಿ. ಯಾಕೆ ಅಂತ ಕೇಳ್ಬೇಡ, ಹಿಡಿ." ಆಮೇಲೆ ಗಂಟಲು ಸರಿಮಾಡಿಕೊಂಡಳು. "ನಾನು ಸಿಪ್ರಿಯಾನಾ. ನಾನು ಕೊಟ್ಟ ಪುಡಿ ಯಾರ ಮನೇಲಿದ್ರೂ ಮಕ್ಕಳಿಗೆ ಕೊಡ್ಬೇಡಿ. ಅದು ವಿಷ. ನಂಗೆ ಗೊತ್ತಿರ್ಲಿಲ್ಲ. ನನ್ನ ಮೊಮ್ಮಗಳು ಅದನ್ನ ತಿಂದು ಇಲ್ಲಿ ಬಿದ್ದಿದ್ದಾಳೆ. ಹೊವಿತಾ, ಎಲ್ಲಿದ್ರೂ ಓಡಿ ಬಾ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಅವಳ ಇಡೀ ಜನ್ಮದ ಹೆಸರು ಒಡೆಯಿತು, ಒಡೆದವಳೂ ಅವಳೇ. ಅವಳ ಮೇಲಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಹೊವಿತಾ ಏದುಸಿರು ಬಿಡುತ್ತ ಅಂಗಡಿಯ ಫೋನಿಗೆ ಬಂದಳು. ರಿಸೀವರಿನಿಂದ ಅವಳ ದನಿ ನಮಗೂ ಕೇಳುತ್ತಿತ್ತು. "ದೊನ್ಯಾ, ಏನೋ ಕೂಗಿದ್ರಂತೆ, ನಾನು ಹಿತ್ತಿಲಲ್ಲಿದ್ದೆ, ಸರಿಯಾಗಿ ಕೇಳ್ಲಿಲ್ಲ. ಪುಡಿ ಆಗ್ಲೇ ಕೊಟ್ಟೆ. ದೇವರು ನಿಮ್ಮ ಕೈ ಚೆನ್ನಾಗಿಟ್ಟಿರ್ಲಿ, ಅಳು ನಿಂತೇಹೋಯ್ತು. ಎಷ್ಟು ಚೆನ್ನಾಗಿ ಮಲಗಿದೆ ಅಂತೀರಿ."

ಡಾಕ್ಟರು ರಿಸೀವರ್ ಕಿತ್ತುಕೊಂಡಳು. "ಹೋಗಿ ಎಬ್ಬಿಸಿ. ಚಿವುಟಿ. ಅಳೋ ತನಕ ಬಿಡ್ಬೇಡಿ. ಇಲ್ಲಿಗೆ ಎತ್ಕೊಂಡು ಬನ್ನಿ."

ಅವಳು ಓಡಿದಳು. ಅಂಗಡಿಯಲ್ಲಿ ಯಾರೋ ಸಕ್ಕರೆ ಕೇಳಿದ್ದು, ಮೆಲಿತೋನ್ ಅವರನ್ನು ಗದರಿದ್ದು ಕೇಳಿಸಿತು. ಬಾಲ್ತಾಸಾರ್ ಫೋನಿಗೆ ಹಣೆ ಹಚ್ಚಿ ನಿಂತಿದ್ದ. ಅವನ ಅಂಗಿ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ಬಹಳ ಹೊತ್ತಿನ ಮೇಲೆ ದೂರದಿಂದ ಅಳು ಕೇಳಿತು. ಹತ್ತಿರ ಬಂತು. ಸಿಟ್ಟಿನ ಅಳು, ಬಾಯಿ ತುಂಬ. ಆಗಷ್ಟೇ ರೊಟ್ಟಿ ಮಾರಲು ಊರಿಗೆ ಬಂದಿದ್ದವನ ವ್ಯಾನಿನಲ್ಲಿ ತಾಯಿ ಮಗು ಇಬ್ಬರನ್ನೂ ಆಸ್ಪತ್ರೆಗೆ ಕಳಿಸುತ್ತೇನೆಂದು ಮೆಲಿತೋನ್ ಹೇಳಿದ.

ಬಾಲ್ತಾಸಾರ್ ಕಣ್ಣೊರೆಸಿಕೊಂಡು, "ಗಾಡಿ ಹತ್ತಿ" ಎಂದ.

ನನ್ನ ಮಡಿಲಲ್ಲಿ ತೀಲಾ ಅಳುತ್ತಿರಲಿಲ್ಲ. ಆಸ್ಪತ್ರೆಯಲ್ಲೂ ಅತ್ತಿರಲಿಲ್ಲವೆಂದು ಆಗ ಹೊಳೆಯಿತು. ನಾನು ಅವಳ ಅಂಗಾಲು ಚಿವುಟಿದೆ. ಅಳು, ನನ್ನವ್ವ, ಅಳು ಎಂದೆ. ಪಕ್ಕದಲ್ಲಿ ಅತ್ತೆ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು. ಮಗುವನ್ನು ಮುಟ್ಟಲಿಲ್ಲ. ಗುಡ್ಡ ಇಳಿದೆವು, ಕೆರೆ ದಾಟಿದೆವು. ಕತ್ತಲಾಯಿತು. ನಾನು ಚಿವುಟುತ್ತಲೇ ಇದ್ದೆ, ಪಾದ ಕೆಂಪಾಗಿ ಬಾತುಕೊಂಡಿತ್ತು.

ನಗರದ ದೀಪ ಕಾಣುವ ಹೊತ್ತಿಗೆ ತೀಲಾ ಕಾಲು ಎಳೆದುಕೊಂಡಳು.

"ನೋಯುತ್ತೆ ಅಮ್ಮಾ" ಎಂದಳು, ಕಣ್ಣು ತೆರೆಯದೆ. "ಅಜ್ಜಿಗೆ ಹೇಳ್ತೀನಿ ನೋಡು."