ಮಣ್ಣಾಗುವ ಕವರು

ಮೆಹರುನಬಿಯ ಖಡಕ್ ರೊಟ್ಟಿಗೆ ಕುಷ್ಟಗಿಯಲ್ಲಿ ಹೆಸರಿತ್ತು. ಆ ಹೆಸರನ್ನು ಆಕೆ ರೊಟ್ಟಿ ಕಟ್ಟಿಕೊಡುವ ಪ್ಲಾಸ್ಟಿಕ್ ಕವರಿನ ಮೇಲೆ ಅಚ್ಚು ಹಾಕಿಸಿದ್ದಳು. ಒಂದು ಮಳೆಗಾಲ ಗಟಾರ ಕಟ್ಟಿಕೊಂಡು ಓಣಿಯ ಮನೆಗಳಿಗೆ ನೀರು ನುಗ್ಗಿತು. ಗಟಾರದಿಂದ ಎಳೆದು ಹಾಕಿದ ಪ್ಲಾಸ್ಟಿಕ್ಕಿನಲ್ಲಿ ಅರ್ಧಕ್ಕರ್ಧ ತನ್ನದೇ ಹೆಸರು ಕಂಡು ಆಕೆಗೆ ತಲೆ ಎತ್ತಲಾಗದಂತಾಯಿತು. ಇನ್ನು ಪ್ಲಾಸ್ಟಿಕ್ಕು ಮುಟ್ಟುವುದಿಲ್ಲ ಎಂದು ಅಂದೇ ನಿರ್ಧರಿಸಿದಳು.

ಕಾಗದದಲ್ಲಿ ಕಟ್ಟಿದರೆ ರೊಟ್ಟಿ ತೇವ ಹಿಡಿದು ಮೆತ್ತಗಾಗುತ್ತಿತ್ತು. ಆಗ ಗಂಗಾವತಿಯ ಕವರಿನ ಅಂಗಡಿಯ ವಿರುಪಾಕ್ಷಿ ಹಸಿರು ಕವರಿನ ಕಟ್ಟೊಂದನ್ನು ಮುಂದಿಟ್ಟ.

"ಇದು ಪ್ಲಾಸ್ಟಿಕ್ ಅಲ್ಲರೀ ಅಕ್ಕಾರ. ಮೆಕ್ಕಿಜ್ವಾಳದಿಂದ ಮಾಡ್ಯಾರ. ತಿಪ್ಪ್ಯಾಗ ಒಗದ್ರ ಮೂರು ತಿಂಗಳಿಗೆ ಮಣ್ಣಾಗತೈತಿ."

ಆಕೆ ನಂಬಿದಳು. ಹೆಸರು ಅಚ್ಚು ಹಾಕಿಸಿ, ಗಿರಾಕಿಗಳಿಗೆಲ್ಲ ಅದೇ ಮಾತನ್ನು ಬಾಯಿ ತುಂಬ ಹೇಳಿದಳು. ಪಕ್ಕದ ಮನೆಯ ಗಾಳೆಮ್ಮ ರೊಟ್ಟಿಯ ಚೂರುಗಳನ್ನು ಕವರಿನ ಸಮೇತ ತಿಪ್ಪೆಗೆ ಎಸೆಯತೊಡಗಿದಳು. ಆಕೆಯ ಎಮ್ಮೆ ಆ ತಿಪ್ಪೆಯ ಸುತ್ತಲೇ ತಿರುಗುತ್ತಿತ್ತು.

ಐದು ತಿಂಗಳಿಗೆ ಎಮ್ಮೆ ಹೊಟ್ಟೆ ಉಬ್ಬಿ ಸತ್ತಿತು. ದನದ ಡಾಕ್ಟರು ಕೊಯ್ದಾಗ ಹಸಿರು ಉಂಡೆಯೊಂದು ಹೊರಬಂತು. ಬಿಡಿಸಿದರೆ ಮೆಹರುನಬಿಯ ಹೆಸರಿನ ಒಂದು ಅಕ್ಷರವೂ ಮಾಸಿರಲಿಲ್ಲ.

ಗಾಳೆಮ್ಮ ಬಯ್ಯಲಿಲ್ಲ. "ನೀ ಹೇಳೀದಿ ಅಂತ ಒಗದ್ನಿ ನೋಡವ್ವಾ" ಅಂದಳು, ಅಷ್ಟೇ. ಬಯ್ದಿದ್ದರೇ ಚೆನ್ನಾಗಿತ್ತು. ಎಮ್ಮೆಯನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದರು.

ಮರುದಿನ ಮೊದಲ ಬಸ್ಸಿಗೆ ಮೆಹರುನಬಿ ಗಂಗಾವತಿಗೆ ಹೋಗಿ ಆ ಉಂಡೆಯನ್ನು ವಿರುಪಾಕ್ಷಿಯ ಮುಂದೆ ಕುಕ್ಕಿದಳು. ಅವನು ಮೂಗು ಮುಚ್ಚಿಕೊಂಡೇ, ಕಟ್ಟಿನ ಮೇಲಿದ್ದ ಇರುವೆ ಗಾತ್ರದ ಇಂಗ್ಲಿಷ್ ಅಕ್ಷರ ತೋರಿಸಿದ.

"ತಿಪ್ಪ್ಯಾಗ ಕರಗಂಗಿಲ್ಲರೀ. ಅದಕ್ಕ ಬ್ಯಾರೆ ಕಾರ್ಖಾನಿ ಬೇಕು, ಅಲ್ಲಿ ಕಾವು ಕೊಟ್ಟು ಕರಗಸ್ತಾರ. ಇಲ್ಲೇ ಬರದೈತಲ್ಲ."

"ಎಲ್ಲೈತಿ ಆ ಕಾರ್ಖಾನಿ? ಕೊಪ್ಪಳದಾಗ ಐತೋ, ಯಲಬುರ್ಗಾದಾಗ ಐತೋ?"

"ನಮ್ಮ ಕಡೆ ಎಲ್ಲೂ ಇಲ್ಲರೀ."

"ಮಾರೋ ಮುಂದನೂ ಇದು ನಿಮಗ ಗೊತ್ತಿತ್ತು?"

ವಿರುಪಾಕ್ಷಿ ಮೊಬೈಲ್ ನೋಡತೊಡಗಿದ. ಗೊತ್ತಿತ್ತು! ಗೊತ್ತಿದ್ದೂ, ಓದಲು ಬಾರದವರ ಕೈಗೆ ಕೊಟ್ಟು, ಇಷ್ಟು ದಿನ ನೆಮ್ಮದಿಯಾಗಿ ಉಂಡು ಮಲಗಿದ್ದ.

"ನಿಮ್ಮ ಕವರು ಮಣ್ಣಾಗಲಿಲ್ಲ ಸಾವ್ಕಾರ್ರ, ಗಾಳೆಮ್ಮನ ಎಮ್ಮಿ ಮಣ್ಣಾತು!"

"ಆತು ಬಿಡ್ರಿ, ಎರಡು ಕಟ್ಟು ಫುಕಟ್ ಒಯ್ರಿ."

ಆಕೆಯ ಮೈಯೆಲ್ಲ ಉರಿದುಹೋಯಿತು. ಉಂಡೆ ಎತ್ತಿಕೊಂಡು ಹೊರಗೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತಳು. ಮೊದಲ ಗಿರಾಕಿ ಬಂದ.

"ಅಣ್ಣಾರ, ಮನ್ಯಾಗ ದನ ಅದಾವೇನ್ರಿ?"

"ಎರಡು ಎಮ್ಮಿ ಅದಾವ್ರಿ. ಯಾಕ?"

ಉಂಡೆ ಮುಂದಿಟ್ಟು ನಡೆದದ್ದೆಲ್ಲ ಹೇಳಿದಳು. ಅವನು ಮೆಟ್ಟಿಲು ಹತ್ತದೆ ಹೊರಟುಹೋದ. ಮೂರನೆಯವನೂ ಹಾಗೇ ಹೋದಾಗ ವಿರುಪಾಕ್ಷಿ ಕೈ ಮುಗಿಯುತ್ತ ಹೊರಬಂದ.

"ಏಳ್ರಿ ಅಕ್ಕಾರ, ಪ್ಯಾಟ್ಯಾಗ ನನ್ನ ಹೆಸರು ಕೆಡತೈತಿ."

"ನನ್ನ ಹೆಸರು ಎಮ್ಮಿ ಹೊಟ್ಟ್ಯಾಗ ಸಿಕ್ಕೈತ್ರಿ" ಎಂದು ಮೆಹರುನಬಿ ಮುಂದಿನ ಗಿರಾಕಿಯ ಕಡೆ ತಿರುಗಿದಳು.