ಗಂಟೆಗೆ ಹಸಿವಾದ ದಿನ

ಅಜ್ಜಿಗೆ ಕಣ್ಣು ಮಂಜು, ಕಿವಿ ಮಾತ್ರ ಬಲು ಚುರುಕು. ಪಕ್ಕದ ಮನೆಯಲ್ಲಿ ಸೂಜಿ ಬಿದ್ದರೆ ಯಾರ ಸೂಜಿ ಅಂತಲೂ ಹೇಳುತ್ತಾಳೆ ಎಂದು ಓಣಿಯವರು ತಮಾಷೆ ಮಾಡುತ್ತಿದ್ದರು. ಮಗಳು ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋದಮೇಲೆ ಮೊಮ್ಮಗಳನ್ನು ಕಾಯುವುದು ಈ ಕಿವಿಗಳ ಪಾಲಿಗೆ ಬಿದ್ದಿತ್ತು. ಮೊಮ್ಮಗಳು ಕೂತಲ್ಲಿ ಕೂರುವವಳಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಮಿಡತೆ.

ಮನೆ ಎಂದರೆ ಒಂದೇ ಕೋಣೆ. ಬಾಗಿಲು ದಾಟಿದರೆ ಓಣಿ, ಓಣಿ ದಾಟಿದರೆ ಹೊಸ ಕಟ್ಟಡದವರು ನೀರು ತುಂಬಿಸಿಟ್ಟ ಗುಂಡಿ. ಅಗಲ ಒಂದು ಮಂಚಕ್ಕಿಂತ ಕಡಿಮೆ, ಆಳ ಮಾತ್ರ ಆಳು ಮುಳುಗುವಷ್ಟು. ಹೋದ ವರ್ಷ ದರ್ಜಿಯ ಮಗ ಅದರಲ್ಲೇ ಹೋಗಿದ್ದ. ಬಂದವರೆಲ್ಲ ಹಣೆಬರಹ ಎಂದರು.

"ಮೇಲಿನ ಬೀದೀಲಿ ಗುಲಾಬಿ ಗಿಡಕ್ಕೂ ಬೇಲಿ ಇದೆಯಂತೆ. ಹಣೆಬರಹ ಬರೆಯೋನಿಗೆ ನಮ್ಮ ಓಣಿ ದಾರಿ ಮಾತ್ರ ಗೊತ್ತೇನು?" ಎಂದು ಅಜ್ಜಿ ಕೇಳಿದ್ದಳು.

ಕಟ್ಟಡದ ಮೇಸ್ತ್ರಿಗೂ ಹೇಳಿದ್ದಾಯಿತು. ಅವನದು ಒಂದೇ ಪಾಠ: "ಹಲಗೆ ಇದ್ದರೆ ತಾನೇ ಅಜ್ಜಿ, ಮುಚ್ಚೋದು? ಇರೋದೆಲ್ಲ ಮೇಲೆ ಮಾಳಿಗೆಗೆ ಹೋಗಿದೆ."

ಹೀಗಾಗಿ ಮಿಡತೆಯ ಸೊಂಟಕ್ಕೆ ಗಂಟೆ ಬಂತು. ಪಕ್ಕದ ಮನೆಯ ಮೇಕೆಯವಳು ತನ್ನ ಮೇಕೆಯ ಗಂಟೆಗೆ ಜೋಡಿಯಾಗಿದ್ದ ಇನ್ನೊಂದನ್ನು ಕೊಟ್ಟಿದ್ದಳು. ಗಂಟೆ ಓಣಿ ದಾಟುವ ಸದ್ದಾದರೆ ಅಜ್ಜಿ ಕೂತಲ್ಲಿಂದಲೇ ಕೂಗು ಹಾಕುತ್ತಿದ್ದಳು, ಯಾರಾದರೂ ಓಡಿಹೋಗಿ ಎತ್ತಿಕೊಂಡು ಬರುತ್ತಿದ್ದರು.

ಆ ದಿನ ಬೆಳಿಗ್ಗೆ ಗಂಟೆ ಬಾಗಿಲ ಬಳಿಯೇ ಸುತ್ತಾಡುತ್ತಿತ್ತು. ಅಜ್ಜಿಗೆ ನೆಮ್ಮದಿ. "ಇವತ್ತೇನೇ ಇಷ್ಟು ಬುದ್ಧಿ ಬಂದುಬಿಟ್ಟಿದೆ ನಿನಗೆ? ಮಣ್ಣು ತಿನ್ನಬೇಡ ಕಣೇ. ನಿಮ್ಮಮ್ಮನೂ ಹಿಂಗೇ ಕೈಗೆ ಸಿಕ್ಕಿದ್ದೆಲ್ಲ ಮೇಯ್ತಿದ್ದಳು" ಎಂದು ಬೈಯುತ್ತ, ಮುದ್ದು ಮಾತಾಡುತ್ತ ಕೂತಿದ್ದಳು. ಕೊನೆಗೆ, "ಬಾ, ತಲೆ ಬಾಚ್ತೀನಿ" ಎಂದು ಎಳೆದುಕೊಂಡಳು.

ಕೈಗೆ ಗಡ್ಡ ಸಿಕ್ಕಿತು.

"ಮೇ" ಎಂದಿತು ಗಡ್ಡ.

ಅಜ್ಜಿ ಕೂಗಿದ ಕೂಗಿಗೆ ಮೇಕೆಯವಳು ಕೈಯಲ್ಲಿದ್ದ ಸೊಪ್ಪು ಚೆಲ್ಲಿ ಓಡಿದಳು. ಮಿಡತೆ ಗುಂಡಿಯ ಅಂಚಿನಲ್ಲಿ ಬೋರಲು ಮಲಗಿ, ಸೊಂಟದಿಂದ ಬಿಚ್ಚಿದ ಗಂಟೆಯನ್ನು ನೀರಿಗೆ ಹಿಡಿದಿದ್ದಳು. ಮೇಕೆಯವಳು ಕಾಲು ಹಿಡಿದೇ ಎಳೆದಳು. ಗಂಟೆಯೊಳಗೆ ಬೆಳಗಿನ ತುತ್ತೆಲ್ಲ ತುಂಬಿ ನಾಲಿಗೆ ಅಲ್ಲಾಡುತ್ತಿರಲಿಲ್ಲ.

"ಗಂತೆಗೆ ಹಸಿವಾಗಿತ್ತು. ಉಂಡಾಯ್ತು. ನೀರು ಬೇಕಂತೆ" ಎಂದು ತೊದಲಿದಳು ಮಿಡತೆ.

ಮೇಕೆಯವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಅಜ್ಜಿ ನಗಲಿಲ್ಲ. ಮಗುವಿನ ಮೈಯೆಲ್ಲ ತಡವಿ ನೋಡಿದಳು. ಅಂಗಿಯ ಮುಂಭಾಗ ಒದ್ದೆಯಾಗಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದಳು.

"ನನ್ನ ಮಂಚ ಎತ್ತೇ" ಎಂದಳು ಆಮೇಲೆ.

"ಎಲ್ಲಿಗೆ ದೊಡ್ಡಮ್ಮ?"

"ಗುಂಡಿ ಮೇಲಕ್ಕೆ."

ನಾಲ್ಕು ಕಾಲೂ ಗುಂಡಿಯ ಆಚೀಚೆ ಗಟ್ಟಿಯಾಗಿ ಊರಿದವು. ಅಜ್ಜಿ ಮಂಚವೇರಿ, ಮಿಡತೆಯನ್ನು ಮಡಿಲಲ್ಲಿ ಅವುಚಿ ಕೂತಳು. ನೀರಿಗೆ ಬಂದ ಕೂಲಿಯವರು ಖಾಲಿ ಕೊಡ ಹಿಡಿದು ನಿಂತರು. ಮೇಲೆ ಗಾರೆ ಒಣಗತೊಡಗಿತು. ಮೇಸ್ತ್ರಿ ಓಡಿಬಂದ.

"ಏನಜ್ಜಿ ಇದು? ಏಳಿ, ಕೆಲಸ ನಿಂತಿದೆ."

"ಮುಚ್ಚಳ ಇಲ್ಲ ಅಂದ್ಯಲ್ಲಪ್ಪ. ನಾನೇ ಮುಚ್ಚಳ."

"ಎಷ್ಟು ಹೊತ್ತು ಹಿಂಗೇ ಕೂರ್ತೀರಿ?"

"ನನಗೇನು ಕೆಲಸ? ಇಲ್ಲೇ ಗಾಳಿ ತಂಪಾಗಿದೆ."

ಕೂಲಿಯವರು ಮುಖ ತಿರುಗಿಸಿಕೊಂಡು ನಕ್ಕರು. ಅವರ ಹಿಂದೆ ದರ್ಜಿಯೂ ಬಂದು ನಿಂತಿದ್ದ. ಅವನನ್ನು ಕಂಡು ಮೇಸ್ತ್ರಿಯ ದನಿ ಇಳಿಯಿತು. ಮಾಳಿಗೆಯಿಂದ ಹಲಗೆಗಳು ಇಳಿದು ಬಂದವು. ಅಜ್ಜಿಯನ್ನು ಮಂಚದ ಸಮೇತ ಪಕ್ಕಕ್ಕೆ ಎತ್ತಿಟ್ಟು ಮುಚ್ಚಳ ಜಡಿದರು, ಕಬ್ಬಿಣದ ಚಿಲಕವನ್ನೂ ಕೂರಿಸಿದರು.

"ಆಯ್ತು ಅಜ್ಜಿ. ಇನ್ನು ಮನೆಗೆ ನಡೀರಿ."

"ನನಗೆ ಕಣ್ಣು ಕಾಣಿಸಲ್ಲಪ್ಪ. ಚಿಲಕ ಹಾಕಿದ್ದು ಕೇಳಿಸು."

ಅವನು ಚಿಲಕ ಜಗ್ಗಿದ. ಠಣ್ ಎಂದಿತು.

"ಇನ್ನೊಂದು ಸಲ."

ಮತ್ತೊಮ್ಮೆ ಠಣ್. ಆ ಸದ್ದು ಕೇಳಿ ಮೇಕೆ ಕಿವಿ ನಿಮಿರಿಸಿತು. ಅಜ್ಜಿ ಮಡಿಲು ಸಡಿಲ ಮಾಡಿದಳು. ಮಿಡತೆ ಒಂದೇ ನೆಗೆತಕ್ಕೆ ಇಳಿದು ಓಡಿದಳು, ಗಂಟೆಯೊಳಗಿನ ತುತ್ತನ್ನು ಮೇಕೆಗೆ ತಿನ್ನಿಸಲು.